ಸದ್ದು ನಿಂತರೆ ಯಾರೋ ಇದ್ದಾರೆ

ಅದೊಂದು ಮಾಮೂಲಿ ದಿನ. ಬೆಳಗ್ಗೆ ಪಂಪು ಓಡಿತ್ತು, ಮಧ್ಯಾಹ್ನ ನಿಂತಿತ್ತು, ಸಂಜೆ ಮತ್ತೆ ಓಡಿತ್ತು. ನೀರು ಬಂದ ಬೀದಿಯವರು ಸುಮ್ಮನಿದ್ದರು. ಬಾರದ ಬೀದಿಯವರು ಫೋನು ಮಾಡಿ ಬೈದಿದ್ದರು. ನಮ್ಮ ದೊಡ್ಡಮ್ಮನ ಮಗಳು ಪಂಪ್‌ಹೌಸಿನ ಬಾಗಿಲಿಗೆ ಬೀಗ ಹಾಕಿ, ಬೀಗವನ್ನು ಒಮ್ಮೆ ಜಗ್ಗಿ ನೋಡಿ, ಮನೆಯ ಕಡೆ ಹೊರಟಳು. ಕತ್ತಲಾಗಿತ್ತು.

ಇದು ಅವಳಿಗೆ ಆದದ್ದು. ಅವರಿವರ ಬಾಯಿಂದ ಬಂದದ್ದಲ್ಲ. ಅವಳು ಸುಳ್ಳು ಕಟ್ಟುವವಳಲ್ಲ. ಕಟ್ಟುವಷ್ಟು ಶಕ್ತಿಯೂ ಆಗ ಅವಳಲ್ಲಿ ಉಳಿದಿರಲಿಲ್ಲ.

ಪಂಪು ಹಾಕುವ ಕೆಲಸವಾದ್ದರಿಂದ ಊರಿಗೆಲ್ಲ ಅವಳು ಪಂಪಕ್ಕ. ನಮಗೆ ಬರೀ ಅಕ್ಕ.

ಪಂಪ್‌ಹೌಸಿನಿಂದ ಮನೆಗೆ ಹೋಗುವ ದಾರಿಯಲ್ಲಿ ಒಂದು ಹಳೇ ಬಾವಿ ಇದೆ. ನಲ್ಲಿ ಬಂದ ಮೇಲೆ ಅದರಲ್ಲಿ ಯಾರೂ ನೀರು ಸೇದುವುದಿಲ್ಲ. ಮಕ್ಕಳು ಬೀಳದಿರಲಿ ಅಂತ ಬಾಯಿಗೆ ತಂತಿಬಲೆ ಹೊದಿಸಿದ್ದಾರೆ. ಅಕ್ಕ ಬಾವಿಯ ಹತ್ತಿರ ಬಂದಳು. ಸೊಂಟದಲ್ಲಿ ಸೆಟ್ಟು ಇತ್ತು. ಸೆಟ್ಟು ಅಂದರೆ ಮಾತಾಡುವ ರೇಡಿಯೋ. ಒಂದು ಹಿಡಿಗಿಂತ ಸ್ವಲ್ಪ ಉದ್ದ, ತಲೆಯ ಮೇಲೆ ಬೆರಳಿನಂಥ ಏರಿಯಲ್. ಇಂಥದ್ದೇ ಇನ್ನೊಂದು ದಿಬ್ಬದ ಮೇಲಿನ ನೀರಿನ ಟ್ಯಾಂಕಿನಲ್ಲಿ ಇರುತ್ತದೆ. ಸೆಟ್ಟು ಎಂದಿನಂತೆ ಸೊಯ್ ಅನ್ನುತ್ತಿತ್ತು. ಯಾರೋ ಸಣ್ಣ ಮರಳನ್ನು ಜರಡಿ ಹಿಡಿಯುತ್ತಲೇ ಇದ್ದಾರೆ ಅನ್ನುವ ಹಾಗೆ... ಸೊಯ್...

ಬಾವಿಯ ಪಕ್ಕದಲ್ಲಿ ಆ ಸದ್ದು ನಿಂತಿತು.

ಅಕ್ಕನೂ ನಿಂತಳು.

ಮಾತಿಲ್ಲ. ಉಸಿರಿಲ್ಲ. ಬಾವಿಯ ಆಳದಲ್ಲಿ ಒಂದು ಹನಿ ಬಿತ್ತು. ಟೊಣಕ್. ಅಷ್ಟು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಮತ್ತೆ... ಸೊಯ್...

ಅಕ್ಕ ಸೆಟ್ಟನ್ನು ಬಾಯಿಯ ಹತ್ತಿರ ತಂದು ಬಟನ್ ಒತ್ತಿದಳು. "ಯಾರದು? ಟ್ಯಾಂಕಾ?"

"ಟ್ಯಾಂಕೇ ಅಕ್ಕ," ಅಂತು ಆ ಕಡೆಯ ಗಂಟಲು. ಬಾಯಲ್ಲಿ ತುತ್ತಿತ್ತು. "ಏನಾಯ್ತು?"

"ಈಗ ಒತ್ತಿದ್ದು ನೀನಾ?"

"ನಾನ್ಯಾಕೆ ಒತ್ತಲಿ? ಊಟಕ್ಕೆ ಕೂತಿದ್ದೀನಿ. ಸೆಟ್ಟು ಅಲ್ಲಿ ಗೂಟಕ್ಕೆ ನೇತಾಡ್ತಾ ಇತ್ತು, ನಿಮ್ಮ ದನಿ ಕೇಳಿ ಎಡಗೈಯಲ್ಲಿ ಎತ್ತಿಕೊಂಡೆ. ಅಲ್ಲ ಅಕ್ಕ, ನಾನು ಒತ್ತಿದ್ದರೆ ಸುಮ್ಮನೆ ಬಿಡ್ತಿದ್ನಾ? ಅರ್ಧ ಗಂಟೆ ನಿಮ್ಮ ತಲೆ ತಿಂತಿರಲಿಲ್ವಾ?"

ಅದು ನಿಜ. ಅವನಿಗೆ ಅಕ್ಕನೇ ಬಾನುಲಿ ಅಂತ ಹೆಸರಿಟ್ಟಿದ್ದಳು. ಬೆಳಗ್ಗೆ ಶುರುವಾದ ಬಾಯಿ ರಾತ್ರಿ ನಿದ್ದೆ ಬಂದಾಗಲೇ ನಿಲ್ಲುವುದು. ಬಟನ್ ಒತ್ತಿ ಸುಮ್ಮನಿರುವುದು ಅವನಿಂದ ಆಗುವ ಕೆಲಸವಲ್ಲ.

ಒತ್ತಿ ಸುಮ್ಮನಿರುತ್ತಿದ್ದವರು ಒಬ್ಬರಿದ್ದರು. ಭಾವ. ಅಕ್ಕನ ಗಂಡ.

ಇಲ್ಲಿ ಆ ಸೊಯ್ ಅನ್ನುವ ಸದ್ದಿನ ವಿಷಯ ಹೇಳಬೇಕು. ಅದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ.

ಭಾವ ನೀರುಗಂಟಿ. ಅಂದರೆ ಟ್ಯಾಂಕು ನೋಡಿಕೊಳ್ಳುವವರು, ಬೀದಿಬೀದಿಗೆ ನೀರು ಬಿಡುವವರು. ಅಕ್ಕ ಕೆಳಗೆ ಪಂಪು ಹಾಕುತ್ತಾಳೆ. ನೀರು ಪೈಪಿನಲ್ಲಿ ದಿಬ್ಬ ಹತ್ತುತ್ತದೆ. ಭಾವ ಟ್ಯಾಂಕಿನ ಏಣಿ ಹತ್ತಿ, ಮುಚ್ಚಳ ತೆಗೆದು, ತುಂಬಿತಾ ಅಂತ ನೋಡಿ, ಸೆಟ್ಟಿನಲ್ಲಿ ಹೇಳುತ್ತಾರೆ. ಅಕ್ಕ ನಿಲ್ಲಿಸುತ್ತಾಳೆ. ಮದುವೆಯಾದ ವರ್ಷದಿಂದ ಇದೇ ಕೆಲಸ. ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು ಊರಿನ ಎರಡು ತುದಿಯಲ್ಲಿ ನಿಂತು ಆಡಿದ್ದರು.

ಫೋನು ಇತ್ತಲ್ಲ ಅನ್ನಬಹುದು. ಫೋನೂ ಒಂದು ರೇಡಿಯೋವೇ. ಆದರೆ ಅದರ ಮಾತು ಮೊದಲು ಟವರಿಗೆ ಹೋಗಬೇಕು, ಅಲ್ಲಿಂದ ಇನ್ನೊಬ್ಬರಿಗೆ ಬರಬೇಕು. ನಂಬರು ಒತ್ತಬೇಕು, ರಿಂಗಾಗಬೇಕು, ಎತ್ತಬೇಕು. ಅಷ್ಟರಲ್ಲಿ ಟ್ಯಾಂಕು ತುಂಬಿ ಹೊರಗೆ ಸುರಿಯುತ್ತದೆ. ಸೆಟ್ಟಿನಲ್ಲಿ ಹಾಗಿಲ್ಲ, ಒತ್ತಿದರೆ ಮಾತು. ಒಂದೇ ತೊಂದರೆ: ಒತ್ತಿದವರಿಗೆ ಬಾಯಿ ಇರುತ್ತದೆ, ಕಿವಿ ಇರುವುದಿಲ್ಲ. ಬಟನ್ ಬಿಟ್ಟ ಮೇಲೆಯೇ ಎದುರಿನವರ ದನಿ ಕೇಳಿಸುವುದು.

ಒಂದು ಸಂಜೆ ಜಗಲಿಯ ಮೇಲೆ ಕೂತು ಅಕ್ಕ ಕೇಳಿದ್ದಳು.

"ರೀ, ಇದು ಯಾಕೆ ಸದಾ ಸೊಯ್ ಅನ್ನುತ್ತೆ? ತಲೆ ಚಿಟ್ಟು ಹಿಡಿಯುತ್ತೆ."

"ಯಾರೂ ಕರೀತಾ ಇಲ್ಲ ಅಂತ ಅದಕ್ಕೆ ಬೇಜಾರು," ಅಂದರು ಭಾವ. "ಎದುರಿನ ಸೆಟ್ಟಿಂದ ಅಲೆ ಬರದೇ ಇದ್ದಾಗ ಆಕಾಶದ ಗದ್ದಲ, ಮೋಟರಿನ ಗದ್ದಲ, ತನ್ನ ಹೊಟ್ಟೆಯದೇ ಗದ್ದಲ ಎಲ್ಲ ಸೇರಿಸಿ ಕೇಳಿಸುತ್ತೆ. ನಾನು ಆ ಕಡೆ ಬಟನ್ ಒತ್ತಿದೆ ಅಂತಿಟ್ಟುಕೋ. ಆಗ ಒಂದು ಅಲೆ ಹೊರಡುತ್ತೆ. ಕುದುರೆ ಇದ್ದ ಹಾಗೆ ಅದು. ನನ್ನ ಮಾತು ಅದರ ಮೇಲೆ ಕೂತು ಬರುತ್ತೆ. ನಾನು ಮಾತಾಡದೇ ಇದ್ರೆ?"

"ಬರಿಗುದುರೆ ಬರುತ್ತೆ."

"ಹಾಂ. ಕುದುರೆ ಬಂದ ಕೂಡಲೇ ಆ ಗದ್ದಲ ಬಾಯಿ ಮುಚ್ಚಿಕೊಳ್ಳುತ್ತೆ. ಅದಕ್ಕೇ ಹೇಳೋದು, ಸದ್ದು ಇದ್ರೆ ಯಾರೂ ಇಲ್ಲ. ಸದ್ದು ನಿಂತರೆ ಯಾರೋ ಇದ್ದಾರೆ."

"ಕಣ್ಣಿಗೆ ಕಾಣದ್ದನ್ನ ಎಷ್ಟು ಧೈರ್ಯವಾಗಿ ಹೇಳ್ತೀರಿ!"

"ಬೆಳಕಿನ ಒಡಹುಟ್ಟು ಅದು. ಬೆಳಕನ್ನ ಕಣ್ಣು ಹಿಡಿಯುತ್ತೆ, ಇದನ್ನ ಏರಿಯಲ್ ಹಿಡಿಯುತ್ತೆ. ಓಟವೂ ಅಷ್ಟೇ ಜೋರು."

"ಗೋಡೆ ಅಡ್ಡ ಬಂದ್ರೆ?"

"ಇಟ್ಟಿಗೆ ಗೋಡೆ ದಾಟುತ್ತೆ. ಸ್ವಲ್ಪ ಸುಸ್ತಾಗುತ್ತೆ."

"ನನ್ನ ಹಾಗೆ."

"ನಿನ್ನ ಹಾಗೇ. ಆದರೆ ಕಬ್ಬಿಣದ ಹತ್ತಿರ ಅದರ ಆಟ ನಡೆಯಲ್ಲ. ನಮ್ಮ ಕಬ್ಬಿಣದ ಟ್ಯಾಂಕಿನ ಒಳಗೆ ಇಳಿದೆ ಅಂದ್ರೆ ಸೆಟ್ಟೂ ಇಲ್ಲ, ಫೋನೂ ಇಲ್ಲ. ನಾನು ಲೋಕದ ಪಾಲಿಗೆ ಇಲ್ಲ ಅಂತಲೇ ತಿಳಕೋ."

"ಬಿಡ್ತು ಅನ್ನಿ!"

ಭಾವ ನಕ್ಕರು. ಆಮೇಲೆ ದನಿ ತಗ್ಗಿಸಿ, ಮಕ್ಕಳನ್ನು ಹೆದರಿಸುವವರ ಹಾಗೆ ಹೇಳಿದರು. "ಈಗ ಈ ಜಗಲಿ ಮೇಲೆ ನಾವಿಬ್ಬರೇ ಇದ್ದೀವಿ ಅಂದ್ಕೊಂಡಿದ್ದೀಯಾ? ಪಕ್ಕದ ಮನೆಯವಳು ಫೋನಲ್ಲಿ ಅವಳ ನಾದಿನಿ ಜತೆ ಜಗಳ ಆಡ್ತಿದ್ದಾಳೆ. ಆ ಜಗಳ ನಿನ್ನ ಮೈಯೊಳಗಿಂದ ಹಾದು ಹೋಗ್ತಿದೆ. ರೇಡಿಯೋದವರ ಹಾಡು, ಪೊಲೀಸರ ಮಾತು, ಆಂಬುಲೆನ್ಸಿನವರ ಅವಸರ, ಎದುರುಮನೆಯ ಮಗುವಿನ ಆಟದ ಕಾರಿನ ರಿಮೋಟು... ಎಲ್ಲ ಈಗ ಇಲ್ಲೇ ಓಡಾಡ್ತಿವೆ."

"ಥೂ! ನಮ್ಮನೇ ಜಗಳ ಸಾಲದು ಅಂತ! ಒಂದಕ್ಕೊಂದು ಡಿಕ್ಕಿ ಹೊಡೆಯಲ್ವಾ?"

"ಒಂದೊಂದರ ಕಂಪನ ಬೇರೆ. ನಮ್ಮ ಸೆಟ್ಟು ನಮ್ಮ ಕಂಪನಕ್ಕೆ ಮಾತ್ರ ಓಗೊಡುತ್ತೆ."

"ಎಷ್ಟು ದೂರ ಹೋಗುತ್ತೆ ಅದು?"

ಭಾವ ದಿಬ್ಬದ ಆಚೆ ಕೈ ತೋರಿಸಿದರು. "ಹೋಗ್ತಾನೇ ಇರುತ್ತೆ. ಸೋಲುತ್ತೆ, ಸಣ್ಣಗಾಗುತ್ತೆ. ನಮ್ಮ ಸೆಟ್ಟಿಗೆ ಸಿಗದಷ್ಟು ಸಣ್ಣಗಾಗುತ್ತೆ. ಆದರೆ ಇಲ್ಲಿಗೆ ಮುಗೀತು ಅನ್ನೋ ಜಾಗ ಅಂತ ಒಂದಿಲ್ಲ."

ಸೆಟ್ಟಿನಲ್ಲಿ ಆ ಸದ್ದು ಅಡಗಿಸುವ ತಿರುಪು ಒಂದಿದೆ. ತಿರುಗಿಸಿದರೆ ಯಾರಾದರೂ ಮಾತಾಡುವ ತನಕ ಸೆಟ್ಟು ಮೌನವಾಗಿರುತ್ತದೆ. ಎಲ್ಲರೂ ಹಾಗೇ ಇಟ್ಟುಕೊಳ್ಳುತ್ತಾರೆ. ಅಕ್ಕ ಮಾತ್ರ ಇಡಲಿಲ್ಲ. ಕಾರಣ ಇತ್ತು. ಭಾವನಿಗೆ ಏಣಿ ಹತ್ತಿದರೆ ಏದುಸಿರು. ಮೇಲೆ ಹೋಗಿ ಬಟನ್ ಒತ್ತುತ್ತಿದ್ದರು, ಮಾತು ಹೊರಡುತ್ತಿರಲಿಲ್ಲ. ಒತ್ತಿಕೊಂಡೇ ಸುಧಾರಿಸಿಕೊಳ್ಳುತ್ತಿದ್ದರು. ಕೆಳಗೆ ಅಕ್ಕನ ಸೆಟ್ಟಿನಲ್ಲಿ ಸದ್ದು ನಿಲ್ಲುತ್ತಿತ್ತು. ಅವಳು ಸ್ಟಾರ್ಟರಿನಿಂದ ಕೈ ತೆಗೆದು ಕಾಯುತ್ತಿದ್ದಳು. ಹೀಗೆ ವರ್ಷಗಳು ಕಳೆದು ಅದೇ ಒಂದು ರೂಢಿಯಾಯಿತು. ಒತ್ತಿ ಸುಮ್ಮನಿದ್ದರೆ 'ತಡಿ' ಅಂತ. ಎರಡು ಸಲ ಒತ್ತಿಬಿಟ್ಟರೆ, ಟಿಕ್ ಟಿಕ್, 'ಆಯ್ತು' ಅಂತ. ಸದ್ದು ನಿಂತಿರುವಾಗ ಸ್ಟಾರ್ಟರ್ ಮುಟ್ಟಬಾರದು. ಇದನ್ನು ಅವರಿಬ್ಬರೂ ಕೂತು ಮಾತಾಡಿ ತೀರ್ಮಾನಿಸಿದ್ದಲ್ಲ, ಕೈಗೇ ಬಂದುಬಿಟ್ಟಿತ್ತು.

ತುಂಬ ಹೊತ್ತು ಒತ್ತಿಕೊಂಡರೆ ಸೆಟ್ಟು ಕಾದು ಬಿಸಿಯಾಗುತ್ತದೆ. ಚಳಿಯ ದಿನ ಭಾವ ದಿಬ್ಬ ಇಳಿದು ಬಂದು, ಬೆಚ್ಚಗಿನ ಸೆಟ್ಟನ್ನು ಅಕ್ಕನ ಅಂಗೈಯಲ್ಲಿ ಇಟ್ಟು, "ತಗೋ, ಬಿಸಿಬಿಸಿ" ಅನ್ನುತ್ತಿದ್ದರು. ಅದೊಂದು ಅವರ ತಮಾಷೆ.

ಭಾವ ಹೋದದ್ದೂ ಒಂದು ಸಂಜೆಯೇ. ಅಕ್ಕ ಪಂಪು ನಿಲ್ಲಿಸಿ, "ನಿಲ್ಲಿಸಿದ್ದೀನಿ, ಮನೆಗೆ ಬನ್ನಿ" ಅಂದಿದ್ದಳು. ಟಿಕ್ ಟಿಕ್ ಅಂದಿತ್ತು ಸೆಟ್ಟು. ಬರಲಿಲ್ಲ. ಹುಡುಕಿಕೊಂಡು ಹೋದವರಿಗೆ ಅವರು ಟ್ಯಾಂಕಿನ ಕಂಬಕ್ಕೆ ಒರಗಿ, ದಣಿವಾರಿಸಿಕೊಳ್ಳುವವರ ಹಾಗೆ ಕೂತಿದ್ದದ್ದು ಕಾಣಿಸಿತು. ಎದೆ ನಿಂತಿತ್ತು. ಸೆಟ್ಟು ಕೈಯಲ್ಲೇ ಇತ್ತು.

ನೀರಿನ ಆಫೀಸಿನವರು ಅದರ ಬ್ಯಾಟರಿ ಕಳಚಿಕೊಂಡರು. ಸೆಟ್ಟು ಹಳೆಯದು, ಗುಜರಿಗೆ ಹೋಗುವಂಥದ್ದು, ಬೇಕಾದರೆ ಇಟ್ಟುಕೊಳ್ಳಿ ಅಂದರು. ಅಕ್ಕ ಅದನ್ನು ಭಾವನ ಟವೆಲಿನಲ್ಲಿ ಸುತ್ತಿ ಕಬ್ಬಿಣದ ಬೀರುವಿನಲ್ಲಿ, ಅವರ ಅಂಗಿಗಳ ಮೇಲೆ ಇಟ್ಟಳು. ಪಂಪ್‌ಹೌಸಿನ ಬೀಗದ ಕೈ ಇಡುವ ಜಾಗವೂ ಅದರ ಪಕ್ಕದಲ್ಲೇ. ದಿನಾ ರಾತ್ರಿ ಬೀಗದ ಕೈ ಇಡುವಾಗ ಟವೆಲಿನ ಮೇಲೆ ಒಮ್ಮೆ ಕೈಯಾಡಿಸುತ್ತಿದ್ದಳು. ತಣ್ಣಗಿರುತ್ತಿತ್ತು.

ಆಮೇಲೆ ಭಾವನ ಜಾಗಕ್ಕೆ ಬಾನುಲಿ ಬಂದ. ಅವನಿಗೆ ಹೊಸ ಸೆಟ್ಟು ಕೊಟ್ಟರು.

ಅಕ್ಕ ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು. ಸಮಾಧಾನ ಹೇಳಲು ಬಂದವರಿಗೆ ಅವಳೇ ಸಮಾಧಾನ ಹೇಳಿ ಕಳಿಸುತ್ತಿದ್ದಳು. ನಿದ್ದೆ ಬರುತ್ತಿರಲಿಲ್ಲ, ಎಚ್ಚರವೂ ಪೂರ್ತಿ ಇರುತ್ತಿರಲಿಲ್ಲ. ಮನೆಯಲ್ಲಿ ಅತ್ತೆ ಒಬ್ಬರು, ಮಗನನ್ನು ಕಳೆದುಕೊಂಡವರು. ಇಬ್ಬರೂ ಎದುರುಬದುರು ಕೂತು ಊಟ ಮಾಡಿ, ತಟ್ಟೆ ತೊಳೆದು, ದೀಪ ಆರಿಸುತ್ತಿದ್ದರು.

ಆಫೀಸಿನ ಇಂಜಿನಿಯರ್ ಒಮ್ಮೆ ಪಂಪ್‌ಹೌಸಿಗೆ ಬಂದವರು ಕಿವಿ ಮುಚ್ಚಿಕೊಂಡರು. "ಏನಮ್ಮ ಇದು, ಒಳ್ಳೆ ಒಗ್ಗರಣೆ ಹಾಕಿದ ಹಾಗೆ! ಆ ತಿರುಪು ತಿರುಗಿಸಬಾರದಾ?"

"ಇರಲಿ ಸಾರ್."

"ಬಾನುಲಿ ದನಿ ತಿರುಪು ಹಾಕಿದ್ರೂ ಕೇಳಿಸುತ್ತೆ, ಸೆಟ್ಟೇ ಇಲ್ಲದಿದ್ರೂ ಕೇಳಿಸುತ್ತೆ."

"ಕೇಳಿಸುತ್ತೆ ಸಾರ್... ಆದ್ರೂ ಇರಲಿ."

ಅವರು ಒಳ್ಳೆಯ ಮನುಷ್ಯ. ಒತ್ತಾಯ ಮಾಡಲಿಲ್ಲ.

ಹಾಗಿರುವಾಗ ಬಾವಿಯ ಹತ್ತಿರ ಸದ್ದು ನಿಂತದ್ದು. ಅದಾದ ಮೇಲೆ ಇನ್ನೂ ಕೆಲವು ಸಲ ನಿಂತಿತು. ದಿನಾ ಅಲ್ಲ. ಬಾವಿಯ ಬಳಿಯೇ, ಕತ್ತಲಲ್ಲೇ. ಒಂದೆರಡು ಉಸಿರಿನಷ್ಟು ಹೊತ್ತು. ಅಕ್ಕ ಯಾರಿಗೂ ಹೇಳಲಿಲ್ಲ. ಯಾರದೋ ಸೆಟ್ಟಿನ ಬಟನ್ ಸಿಕ್ಕಿಹಾಕಿಕೊಳ್ಳುತ್ತಿರಬೇಕು ಅಂದುಕೊಂಡಳು. ಹಾಗಂದುಕೊಂಡೂ ಬಾವಿಯ ಹತ್ತಿರ ನಡಿಗೆ ನಿಧಾನ ಮಾಡುತ್ತಿದ್ದಳು. ಒಂದು ರಾತ್ರಿ ಸದ್ದು ನಿಂತಾಗ ಮೆಲ್ಲಗೆ ಕೇಳಿಯೂ ಕೇಳಿದಳು.

"ಊಟ ಆಯ್ತಾ?"

ಬಟನ್ ಒತ್ತದೆ, ಬರೀ ಬಾಯಲ್ಲಿ. ಒತ್ತಿದರೂ ಪ್ರಯೋಜನವಿಲ್ಲ. ಆ ಕಡೆ ಒತ್ತಿಕೊಂಡವರಿಗೆ ಕೇಳಿಸುವುದಿಲ್ಲವಲ್ಲ...

ಸೊಯ್ ಅಂತ ಸದ್ದು ಮರಳಿತು. ಅವಳು ಮನೆಗೆ ಹೋದಳು.

ಟ್ಯಾಂಕು ತೊಳೆಯುವ ದಿನ ಬಂತು. ನೀರೆಲ್ಲ ಖಾಲಿ ಮಾಡಿ, ಒಳಗಿನ ಏಣಿಯಲ್ಲಿ ಇಳಿದು, ತಳದ ಕೆಸರು ಉಜ್ಜಿ ತೆಗೆಯಬೇಕು. ಮೇಲೆ ಮುಚ್ಚಳದ ಹತ್ತಿರ ಇನ್ನೊಬ್ಬ ಆಳು ನಿಂತಿರಬೇಕು ಅನ್ನುವುದು ನಿಯಮ. ಆಳು ಬಂದಿದ್ದ. ಉಜ್ಜುವುದೆಲ್ಲ ಮುಗಿದು, ಬಕೆಟ್ಟು ಹಗ್ಗ ಮೇಲೆ ಬಂದ ಮೇಲೆ, ಹೆಂಡತಿಗೆ ಹುಷಾರಿಲ್ಲ ಅಂತ ಹೇಳಿ ಹೊರಟ. ಕೆಲಸ ಮುಗಿದಿತ್ತಲ್ಲ, ಬಾನುಲಿ ಹೋಗು ಅಂದ. ಆಗಲೇ ರಾತ್ರಿಯಾಗಿತ್ತು. ಬೆಳಗಿನಿಂದ ಊರಿಗೆ ನೀರಿಲ್ಲ. ಫೋನುಗಳು ಬೈಯುತ್ತಲೇ ಇದ್ದವು.

ಪಂಪ್‌ಹೌಸಿನಲ್ಲಿ ಅಕ್ಕನಿಗೆ ಕೂತಲ್ಲೇ ತೂಕಡಿಕೆ. ಗೋಡೆಯ ಮೇಲೆ ಮಂಕು ಬಲ್ಬು. ಮೇಜಿನ ಮೇಲೆ ಸೆಟ್ಟು, ಸೊಯ್...

"ಅಕ್ಕಾ! ನಿದ್ದೆ ಮಾಡಿಬಿಟ್ರಾ?"

"ಇಲ್ಲ ಮಾರಾಯ. ಹೇಳು."

"ಮುಗೀತು. ಒಳಗೆ ಈಗ ಎಷ್ಟು ಚೊಕ್ಕಟ ಅಂದ್ರೆ ನಮ್ಮತ್ತೆ ಬಂದ್ರೂ ಕೊಂಕು ತೆಗೆಯೋಕಾಗಲ್ಲ. ನಾನು ಹೊರಗೆ ಬಂದಿದ್ದೀನಿ, ಮುಚ್ಚಳದ ಹತ್ತಿರಾನೇ ಇದ್ದೀನಿ. ಪಂಪು ಹಾಕಿ."

"ಹಾಕ್ತೀನಿ."

ಅಕ್ಕ ಎದ್ದಳು. ಮೊಣಕಾಲು ಲಟಕ್ ಅಂತು. ಸ್ವಲ್ಪ ನಿಂತು, ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು, ಕನ್ನಡಕ ಹಾಕಿಕೊಂಡು, ಮೀಟರಿನ ಮುಳ್ಳು ನೋಡಿ, ಪೈಪಿನ ವಾಲ್ವು ತಿರುಗಿಸಿ, ಸ್ಟಾರ್ಟರಿನ ಹಸಿರು ಬಟನ್ನಿನ ಮೇಲೆ ಹೆಬ್ಬೆರಳು ಇಟ್ಟಳು.

ಸದ್ದು ನಿಂತಿತು.

ಹೆಬ್ಬೆರಳು ತಾನಾಗಿ ಹಿಂದೆ ಬಂತು.

ಅವಳು ಕಾದಳು. ಮಾತು ಬರಲಿಲ್ಲ. ಬಲ್ಬಿನ ಸುತ್ತ ಹುಳ ಬಡಿದುಕೊಳ್ಳುವುದು ಕೇಳಿಸುತ್ತಿತ್ತು. ಪಟ್... ಪಟ್... 

"ಹೇಳಪ್ಪ," ಅಂದಳು ಸೆಟ್ಟಿನತ್ತ ತಿರುಗಿ. "ಹೇಳೋದಿದ್ರೆ ಹೇಳು. ಇಲ್ಲಾ ಬಟನ್ ಬಿಡು. ನನಗೂ ಮನೆಗೆ ಹೋಗಬೇಕು."

ಮೌನ. ಬಾವಿಯ ಬಳಿ ಆಗುತ್ತಿದ್ದದ್ದು ಒಂದೆರಡು ಉಸಿರಿನದು. ಇದು ಮುಗಿಯಲೇ ಇಲ್ಲ. ಬಾನುಲಿ ಬಟನ್ನಿನ ಮೇಲೆ ಕೂತಿದ್ದಾನೆ ಅಂದುಕೊಂಡು ಅಕ್ಕ ಅವನ ಫೋನಿಗೆ ಮಾಡಿದಳು. ರಿಂಗಾಗಲಿಲ್ಲ. ಕಿವಿಯಲ್ಲಿ ಒಬ್ಬ ಹೆಂಗಸಿನ ನಯವಾದ ದನಿ... ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.

ದಿಬ್ಬದ ಮೇಲೆ ಫೋನಿಗೆ ಏನು ಕೊರತೆ? ಟ್ಯಾಂಕಿನ ಮೇಲೆ ನಿಂತರೆ ಟವರಿನ ಕೆಂಪು ದೀಪ ಕಣ್ಣೆದುರೇ ಕಾಣುತ್ತದೆ. ಅಲ್ಲಿ ಫೋನಿನ ಅಲೆ ತಲುಪದ ಜಾಗ ಒಂದೇ.

ಕಬ್ಬಿಣದ ಒಳಗೆ.

ಅವನು ಒಳಗಿದ್ದಾನೆ. ಹೊರಗೆ ಬಂದವನು ಮತ್ತೆ ಇಳಿದಿದ್ದಾನೆ. ಫೋನು ಜೇಬಿನಲ್ಲಿದೆ, ಸೆಟ್ಟು ಸೊಂಟದಲ್ಲಿದೆ, ಎರಡೂ ಅವನ ಜತೆ ಒಳಗಿವೆ. ಒಳಗಿನಿಂದ ಏನೂ ಹೊರಗೆ ಬರುವುದಿಲ್ಲ.

ಹಾಗಾದರೆ... ಈಗ ಒತ್ತಿಕೊಂಡಿರುವುದು ಯಾರು?

ಅವಳು ಮೇನ್ ಸ್ವಿಚ್ಚಿನ ಹಿಡಿಯನ್ನು ಧಡ್ ಅಂತ ಕೆಳಗೆ ಎಳೆದಳು. ಬಲ್ಬೂ ಆರಿತು. ಕತ್ತಲಲ್ಲಿ ಫೋನು ಬೆಳಗಿತು. ಇಂಜಿನಿಯರ್.

"ಪಂಪಕ್ಕ, ಇನ್ನೂ ಯಾಕೆ ಹಾಕಿಲ್ಲ? ಕೆಲಸ ಮುಗೀತು ಅಂತ ಬಾನುಲಿ ಆಗಲೇ ನನಗೂ ಫೋನು ಮಾಡಿದ್ನಲ್ಲ? ಊರಿನವರು ನನ್ನ ಮನೆ ಬಾಗಿಲಿಗೆ ಬಂದಿದ್ದಾರೆ."

"ಹಾಕಲ್ಲ ಸಾರ್."

"ಏನು?"

"ಅವನು ಟ್ಯಾಂಕಿನ ಒಳಗಿದ್ದಾನೆ."

"ಯಾರು ಹೇಳಿದ್ರು?"

ಅಕ್ಕ ಸೆಟ್ಟಿನತ್ತ ನೋಡಿದಳು. "ಅವನ ಫೋನು ಸಿಗ್ತಿಲ್ಲ ಸಾರ್."

"ಬ್ಯಾಟರಿ ಹೋಗಿರುತ್ತೆ! ಹಾಕಿ ಅಮ್ಮ, ನನ್ನ ಮಾತು ಕೇಳಿ."

"ನೀವು ಒಂದು ಸಲ ಹೋಗಿ ನೋಡಿ ಸಾರ್. ನನ್ನ ಮಾತು ತಪ್ಪಾದ್ರೆ ನಾಳೆಯಿಂದ ಕೆಲಸಕ್ಕೆ ಬರೋದು ಬೇಡ ಅನ್ನಿ. ಆದರೆ ಹೋಗಿ ನೋಡಿ."

ಅಕ್ಕ ಹೀಗೆ ದನಿ ಎತ್ತಿ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ. ಬೈಕಿನ ಕಿಕ್ಕರ್ ಒದ್ದ ಸದ್ದು ಫೋನಿನಲ್ಲೇ ಕೇಳಿಸಿತು.

ಆಮೇಲೆ ಕತ್ತಲಲ್ಲಿ ಅಕ್ಕ, ಮೇಜಿನ ಮೇಲೆ ಸೆಟ್ಟು. ಸದ್ದು ಇನ್ನೂ ನಿಂತೇ ಇತ್ತು.

ಅವಳು ಕುರ್ಚಿ ಎಳೆದುಕೊಂಡು ಅದರ ಎದುರು ಕೂತಳು. ಹೆದರಿಕೆ ಆಗಲಿಲ್ಲವಾ ಅಂತ ನಾವು ಆಮೇಲೆ ಕೇಳಿದ್ದುಂಟು. ಹೆದರೋಕೂ ತ್ರಾಣ ಬೇಕಲ್ಲ, ಅಂದಳು. ದಿನವಿಡೀ ದುಡಿದು ಬಂದವರು ಒಬ್ಬರ ಪಕ್ಕ ಒಬ್ಬರು ಮಾತಿಲ್ಲದೆ ಕೂರುವ ಹಾಗೆ ಇತ್ತಂತೆ. ಹೊರಗೆ ಒಂದು ನಾಯಿ ಬೊಗಳಿ ಸುಮ್ಮನಾಯಿತು. ನಲ್ಲಿಯ ಬಾಯಲ್ಲಿ ಗಾಳಿ ಗೊರ್ ಅಂತು.

ತುಂಬ ಹೊತ್ತಾಯಿತು.

"ರೀ," ಅಂದಳು ಪಿಸುದನಿಯಲ್ಲಿ. ಕೇಳಿಸುವುದಿಲ್ಲ ಅಂತ ಗೊತ್ತಿದ್ದೂ. "ಹಾಕಿಲ್ಲ. ಹಾಕಲ್ಲ... ಅವರು ಹೋಗಿದ್ದಾರೆ, ನೋಡ್ತಾರೆ."

ಮೌನ.

"ಇಷ್ಟು ಹೊತ್ತು ಒತ್ತಿಕೊಂಡ್ರೆ ಸೆಟ್ಟು ಕಾಯುತ್ತೆ ರೀ... ಕೈ ಸುಡುತ್ತೆ. ಸಾಕು, ಬಿಡಿ."

ಬಿಡಲಿಲ್ಲ.

ಫೋನು ಬಡಿದುಕೊಂಡಿತು. ಇಂಜಿನಿಯರ್ ದನಿ ಗುರುತೇ ಸಿಗದಂತಿತ್ತು. "ಪಂಪಕ್ಕ... ಹಾಕಿಲ್ಲ ತಾನೇ? ಹಾಕಿಲ್ಲ ತಾನೇ?"

"ಇಲ್ಲ ಸಾರ್. ಮೇನೇ ತೆಗೆದಿದ್ದೀನಿ."

"ಒಳಗಿದ್ದ. ಕಾಲು ಮುರಕೊಂಡು ತಳದಲ್ಲಿ ಬಿದ್ದಿದ್ದ. ನನ್ನ ಹಿಂದೆ ಬಂದ ಊರಿನವರೆಲ್ಲ ಸೇರಿ ಈಗಷ್ಟೇ ಹಗ್ಗ ಕಟ್ಟಿ ಮೇಲೆ ತಂದ್ವಿ."

ಅಕ್ಕ ಗೋಡೆಗೆ ತಲೆ ಆನಿಸಿದಳು.

ಮೇಜಿನ ಮೇಲೆ ಸೆಟ್ಟು, ಟಿಕ್ ಟಿಕ್ ಅಂತು. ಆಮೇಲೆ ಸೊಯ್...

ಆಗಿದ್ದು ಇಷ್ಟು. ಪಂಪು ಹಾಕಿ ಅಂದ ಮೇಲೆ ಬಾನುಲಿ ಮುಚ್ಚಳ ಮುಚ್ಚುವ ಮುಂಚೆ ಟಾರ್ಚು ಬಿಟ್ಟು ನೋಡಿದ್ದಾನೆ. ಉಜ್ಜುವ ಗೋಣಿಚೀಲ ತಳದಲ್ಲೇ ಉಳಿದಿದೆ. ಅದು ನೀರು ಹೊರಹೋಗುವ ಪೈಪಿಗೆ ಸಿಕ್ಕಿಕೊಂಡರೆ ನಾಳೆ ಊರಿಗೆಲ್ಲ ನೀರು ಬಂದ್. ಪಂಪು ಹಾಕಿದರೂ ನೀರು ದಿಬ್ಬ ಹತ್ತಿ ಬರಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಇಳಿದು ಎತ್ತಿಕೊಂಡು ಬಂದುಬಿಡೋಣ ಅಂದುಕೊಂಡಿದ್ದಾನೆ. ತೊಳೆದ ಏಣಿ ಜಾರಿತು. ಕಾಲು ಊರಲು ಆಗದು. ಮೇಲೆ ಯಾರೂ ಇಲ್ಲ.

"ಕೂಗಿದೆ ಅಕ್ಕ," ಅಂದ ಅವನು ಆಸ್ಪತ್ರೆಯಲ್ಲಿ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ಅಕ್ಕ ಆವತ್ತೇ ಕೇಳಿದ್ದು. "ಸೆಟ್ಟಲ್ಲಿ ಕೂಗಿ ಕೂಗಿ ಗಂಟಲು ಹೋಯ್ತು. ಹಾಕಬೇಡಿ ಅಕ್ಕಾ, ಹಾಕಬೇಡಿ ಅಕ್ಕಾ ಅಂತ. ಕೊನೆಗೆ ಪೈಪಿನ ಬಾಯಿಗೆ ಕಿವಿ ಇಟ್ಟುಕೊಂಡು ಮಲಗಿದ್ದೆ, ನೀರು ಬರೋ ಸದ್ದು ಕೇಳ್ತಾ... ನಾನು ಕೂಗಿದ್ದು ನಿಮಗೆ ಕೇಳಿಸ್ತಾ?"

"ಇಲ್ಲಪ್ಪ."

"ಮತ್ತೆ?"

"ಮಲಕೋ. ಮಾತಾಡಬೇಡ."

ಇಂಜಿನಿಯರಿಗೆ ಮಾತ್ರ ಅಕ್ಕ ಸದ್ದು ನಿಂತ ವಿಷಯ ಹೇಳಿದಳು. ಅವರು ತಾಳ್ಮೆಯಿಂದ ಕೇಳಿದರು. ಬಾನುಲಿಯದೇ ಅಲೆ ಟ್ಯಾಂಕಿನ ತೆರೆದ ಬಾಯಿಂದ ತೂರಿ ಬಂದಿದ್ದರೆ ಅವನ ಕೂಗೂ ಕೇಳಿಸಬೇಕಿತ್ತು ಅಂತ ಅವರೇ ಒಪ್ಪಿದರು. "ಇನ್ನೆಲ್ಲಿಯದೋ ಇರಬೇಕು ಅಮ್ಮ," ಅಂದರು. "ಕೆಲವು ರಾತ್ರಿ ಮೇಲಿನ ಗಾಳಿ ಬೆಚ್ಚಗೆ, ಕೆಳಗಿನದು ತಣ್ಣಗೆ ಆಗುತ್ತೆ. ಆಗ ಅಲೆ ಬಾಗಿ ಎಲ್ಲಿಂದೆಲ್ಲಿಗೋ ಬರುತ್ತೆ. ನಮ್ಮದೇ ಕಂಪನದ ಸೆಟ್ಟು ದೂರದ ಯಾವುದೋ ಊರಲ್ಲಿ ಇರಬಹುದು. ಯಾರೋ ಅಲ್ಲಿ ಬಟನ್ ಒತ್ತಿಕೊಂಡು ನಿದ್ದೆ ಹೋಗಿರಬಹುದು."

"ಇರಬಹುದು ಸಾರ್," ಅಂದಳು ಅಕ್ಕ.

ಇಷ್ಟೂ ನಡೆದದ್ದೇ. ಬಾನುಲಿ ಈಗಲೂ ಎಡಗಾಲು ಎಳೆದೇ ನಡೆಯುತ್ತಾನೆ. ಕೇಳಿದರೆ ಅವನೇ ಹೇಳುತ್ತಾನೆ, ಕೇಳದಿದ್ದರೂ ಹೇಳುತ್ತಾನೆ. ಆದರೆ ಆ ರಾತ್ರಿ ಅಕ್ಕ ಮನೆಗೆ ಹೋದ ಮೇಲಿನದು ಅವನಿಗೆ ಗೊತ್ತಿಲ್ಲ. ಇಂಜಿನಿಯರಿಗೂ ಗೊತ್ತಿಲ್ಲ.

ಅವಳು ಎಲ್ಲ ಮುಗಿಸಿ, ಪಂಪು ಹಾಕಿ ನಿಲ್ಲಿಸಿ, ಬೀಗ ಜಗ್ಗಿ ನೋಡಿ ಹೊರಟಾಗ ಊರು ಮಲಗಿತ್ತು. ಬಾವಿಯ ಹತ್ತಿರ ನಿಂತಳು. ಸೆಟ್ಟು ಸೊಯ್ ಅನ್ನುತ್ತಲೇ ಇತ್ತು. ತಂತಿಬಲೆಯ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಕಾದಳು. ಆಳದಲ್ಲಿ ಒಂದು ಹನಿ ಬಿದ್ದಿರಬೇಕು, ಆ ಸೊಯ್ ಸದ್ದಿನಲ್ಲಿ ಕೇಳಿಸಲಿಲ್ಲ. ಅಲ್ಲಿ ಮತ್ತೆ ಯಾವತ್ತೂ ಸದ್ದು ನಿಂತಿಲ್ಲ.

ಮನೆಯಲ್ಲಿ ಅತ್ತೆ ಎದ್ದು ಕೂತಿದ್ದರು. "ಯಾಕಮ್ಮ ಇಷ್ಟು ತಡ?" ಅಂದರು.

"ಕೆಲಸ ಇತ್ತು ಅತ್ತೆ. ನೀವು ಮಲಕೊಳ್ಳಿ."

ಕಾಲು ತೊಳೆದಳು. ದೀಪ ಹಾಕದೆ ಒಳಗೆ ಹೋಗಿ, ಬೀಗದ ಕೈ ಇಡಲು ಬೀರುವಿನ ಬಾಗಿಲು ತೆಗೆದಳು. ಕಿರ್ ಅಂತು. ದಿನದ ರೂಢಿಯಂತೆ ಟವೆಲಿನ ಮೇಲೆ ಕೈಯಾಡಿಸಿದಳು. ಆಡಿಸಿದ ಕೈ ಅಲ್ಲೇ ನಿಂತಿತು. ಟವೆಲಿನ ಮಡಿಕೆ ಬಿಚ್ಚಿ ಸೆಟ್ಟನ್ನು ಅಂಗೈಗೆ ತೆಗೆದುಕೊಂಡಳು. ಬ್ಯಾಟರಿ ಇರಬೇಕಾದ ಜಾಗ ಖಾಲಿಯೇ ಇತ್ತು.

ಸೆಟ್ಟು ಬೆಚ್ಚಗಿತ್ತು.